ವಿದ್ಯೆಯ ಮುಂದಿನ ಮೆಟ್ಟಿಲು

ಮನೆಯನ್ನು ಕಟ್ಟಿಸುವ ಗೃಹಸ್ಥನು ಅಡಿಪಾಯವನ್ನು ತೆಗೆಯಿಸುವಾಗಲೇ ಮೇಲೊಂದು ಅಂತಸ್ತು ಬರಬೇಕೋ ಬೇಡವೋ ಎಂಬುದನ್ನು ಯೋಚಿಸಿರುತ್ತಾನೆ. ಬರಬೇಕಾದರೆ ಗೋಡೆಯ ದಪ್ಪವೇ ಬೇರೆ, ಕಬ್ಬಿಣದ ಲೆಕ್ಕವೇ ಬೇರೆ. ಇಷ್ಟು ವಿವೇಕವುಳ್ಳ ಮನುಷ್ಯನು ಮಕ್ಕಳ ವಿದ್ಯೆಯ ವಿಷಯದಲ್ಲಿ ಮಾತ್ರ, "ಈಗ ಇದಾಗಲಿ, ಮುಂದಿನದು ಮುಂದೆ" ಎಂದು ಹೇಳಿ ಸುಮ್ಮನಾಗುವುದುಂಟು. ಹಾಗೆ ಹೇಳಿ ಕೆಟ್ಟವರಲ್ಲಿ ನಾನೂ ಒಬ್ಬನಾದುದರಿಂದ ಈ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಲು ಧೈರ್ಯಪಟ್ಟಿದ್ದೇನೆ.

ನಾನು ಹುಟ್ಟಿದ್ದು ಕಮಲಾಪುರದಲ್ಲಿ. ಈಗ ಇರುವುದು ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ. ಹತ್ತನೆಯ ತರಗತಿಯಾದ ಮೇಲೆ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಸಿಮೆಂಟಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದೆನು. ಮುಂದೆ ಓದುವುದಕ್ಕೆ ದಾರಿಯುಂಟೇ ಎಂದು ನಾನು ಯಾರನ್ನೂ ಕೇಳಲಿಲ್ಲ, ಕೇಳಬೇಕೆಂಬುದೂ ತೋಚಲಿಲ್ಲ. ಕಣ್ಣು ತೆರೆದಾಗ ವಯಸ್ಸು ಮೀರಿತ್ತು, ಗಣಿತವು ಪೂರ್ತಿಯಾಗಿ ಮರೆತುಹೋಗಿತ್ತು. ನಾನು ಕೆಲಸ ಕಲಿಸಿಕೊಟ್ಟ ಹುಡುಗರು ಪದವಿಯ ಬಲದಿಂದ ನನಗೆ ಮೇಲಧಿಕಾರಿಗಳಾದರು. ಅವರ ಮೇಲೆ ನನಗೆ ಮತ್ಸರವಿರಲಿಲ್ಲ. ಆದರೆ ಕೇಳದೆ ಉಳಿದ ಆ ಒಂದು ಪ್ರಶ್ನೆಯು ಮಾತ್ರ ನಿವೃತ್ತಿಯವರೆಗೂ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

ನಮ್ಮ ಅಣ್ಣನು ಕಮಲಾಪುರದಲ್ಲಿಯೇ ಇದ್ದಾನೆ. ಅವನದು ಕೆಂಪು ಬಾಳೆಯ ತೋಟ. 2022ರಲ್ಲಿ ಅವನ ಮಗಳು ಹತ್ತನೆಯ ತರಗತಿಯನ್ನು ದಾಟಿ, ವಿದ್ಯುತ್ತಿನ ಡಿಪ್ಲೊಮಾ ಓದುವುದಕ್ಕೆಂದು ನಮ್ಮ ಮನೆಗೆ ಬಂದಳು. ಮೊದಲನೆಯ ವರ್ಷ ಸುಖವಾಗಿ ಕಳೆಯಿತು. ಎರಡನೆಯ ವರ್ಷದಲ್ಲಿ ಒಂದು ದಿನ ಅವಳು ತನ್ನ ಗಣಿತದ ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟದ ಮೇಲೆ ಇಡುತ್ತಿದ್ದುದನ್ನು ಕಂಡೆನು.

"ಯಾಕವ್ವಾ, ಇವನ್ನ್ಯಾಕ ಕಟ್ಟಿ ಇಡ್ಲಿಕ್ಕಿ?" ಎಂದೆನು.

"ಗಣಿತ ಮುಗೀತಲ್ಲ ಕಾಕಾ. ಇನ್ನ ಮುಂದ ಅದು ಇಲ್ಲ," ಎಂದಳು.

ನನಗೆ ನನ್ನ ಹದಿನೆಂಟನೆಯ ವರ್ಷವು ಕಣ್ಣಮುಂದೆ ಬಂದು ನಿಂತಂತಾಯಿತು. ಅಂದು ಸಂಜೆಯೇ ಅವಳನ್ನು ಕೂರಿಸಿಕೊಂಡು, ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ, ಅದರ ಬೆನ್ನಿನ ಮೇಲೆ ಎರಡು ಸಾಲು ಎಳೆದೆನು. ಎಡಗಡೆಗೆ ಡಿಪ್ಲೊಮಾದಲ್ಲಿ ಕಲಿಸುವುದು. ಬಲಗಡೆಗೆ ಇಂಜಿನಿಯರಿಂಗ್ ಪದವಿಯ ಮೊದಲನೆಯ ವರ್ಷದಲ್ಲಿ ಕಲಿಸುವುದು.

ಇಲ್ಲಿ ವಾಚಕರಿಗೆ ಏರ್ಪಾಟನ್ನು ಸ್ವಲ್ಪ ವಿವರಿಸಬೇಕು. ಹತ್ತನೆಯ ತರಗತಿಯ ಮೇಲೆ ಪಿ.ಯು.ಸಿ. ಎರಡು ವರ್ಷ, ಪದವಿ ನಾಲ್ಕು ವರ್ಷ, ಒಟ್ಟು ಆರು. ಡಿಪ್ಲೊಮಾ ಮಾಡಿದವರಾದರೋ ಮೂರು ವರ್ಷದ ಮೇಲೆ ಪದವಿಯ ಎರಡನೆಯ ವರ್ಷಕ್ಕೇ ನೇರವಾಗಿ ಸೇರಬಹುದು. ಮೂರಕ್ಕೆ ಮೂರು ಸೇರಿ ಅದೂ ಆರೇ. ಕಾಲದಲ್ಲಿ ನಷ್ಟವೇನೂ ಇಲ್ಲ. ನಡುವೆ ನಿಂತರೂ ಕೈಯಲ್ಲೊಂದು ಜೀವನೋಪಾಯವಿರುತ್ತದೆ. ಈ ಪ್ರವೇಶಕ್ಕಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಡಿ.ಸಿ.ಇ.ಟಿ. ಎಂಬ ಪರೀಕ್ಷೆಯನ್ನು ನಡೆಸುತ್ತದೆ. ಡಿಪ್ಲೊಮಾದಲ್ಲಿ ಸಾಮಾನ್ಯ ವರ್ಗದವರಿಗೆ ನೂರಕ್ಕೆ 45, ಮೀಸಲು ವರ್ಗದವರಿಗೆ 40 ಅಂಕಗಳಾದರೂ ಇರಬೇಕು.

ಕೇಳುವುದಕ್ಕೆ ಇದು ಸುಲಭವಾಗಿದೆ. ತೊಡಕಿರುವುದು ಬಲಗಡೆಯ ಸಾಲಿನಲ್ಲಿ. ಮೊದಲನೆಯ ವರ್ಷವನ್ನು ದಾಟಿ ಎರಡನೆಯದಕ್ಕೆ ಹೋಗುವವರಿಗೆ ಆ ಮೊದಲ ವರ್ಷದ ಗಣಿತವೇನೂ ಮಾಫಿಯಾಗುವುದಿಲ್ಲ. ಜೊತೆಯ ವಿದ್ಯಾರ್ಥಿಗಳು ಅವಕಲನ, ಅನುಕಲನ, ಅವಕಲ ಸಮೀಕರಣಗಳನ್ನು ಒಂದು ವರ್ಷ ತಿದ್ದಿಕೊಂಡು ಬಂದಿರುತ್ತಾರೆ. ಅಧ್ಯಾಪಕರು ಅಲ್ಲಿಂದ ಮುಂದಕ್ಕೆ ಪಾಠ ಮಾಡುತ್ತಾರೆ. ಈ ಕೊರತೆಯನ್ನು ಅರಿತೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2018ರ ಪಠ್ಯಕ್ರಮದಲ್ಲಿ ಡಿಪ್ಲೊಮಾದಿಂದ ಬಂದವರಿಗೆ ಹೆಚ್ಚುವರಿ ಗಣಿತವೆಂಬ ಎರಡು ಪಾಠಗಳನ್ನು ಕಡ್ಡಾಯ ಮಾಡಿತ್ತು. ಇದರ ಮೇಲೆ ಇನ್ನೊಂದು ಸೂಕ್ಷ್ಮವುಂಟು. ಈಚಿನ ವರ್ಷಗಳ ಡಿ.ಸಿ.ಇ.ಟಿ. ಪರೀಕ್ಷೆಯಲ್ಲಿ ಕೇಳುವುದು ಗಣಿತ, ಸಂಖ್ಯಾಶಾಸ್ತ್ರ, ವಿದ್ಯುತ್ತಿನ ಮೂಲಾಂಶಗಳು ಮುಂತಾಗಿ ಎಲ್ಲ ಶಾಖೆಗಳಿಗೂ ಸಮಾನವಾದ ವಿಷಯಗಳನ್ನು. ಎಂದರೆ ಬಹುಮಟ್ಟಿಗೆ ಡಿಪ್ಲೊಮಾದ ಆರಂಭದಲ್ಲಿ ಓದಿ ಮರೆತದ್ದನ್ನೇ! ಅಟ್ಟದ ಮೇಲೆ ಕಟ್ಟಿಟ್ಟ ಗಂಟಿನ ಬೆಲೆಯು ಆಗ ತಿಳಿಯುತ್ತದೆ.

ಹಾಳೆಯನ್ನು ನೋಡುತ್ತ ಕುಳಿತಿದ್ದ ಹುಡುಗಿಯು ಏನನ್ನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದುಹೋಗಿ ಗಂಟನ್ನು ಕೆಳಗಿಳಿಸಿದಳು.

ಈ ಬಗೆಯ ತೊಡಕು ನಮ್ಮ ನಾಡಿಗೆ ಮಾತ್ರವೇ ಇರತಕ್ಕದ್ದಲ್ಲ. ಅಮೆರಿಕೆಯಲ್ಲಿ 1901ರಲ್ಲಿ ಇಲಿನಾಯ್ ಪ್ರಾಂತದ ಜೋಲಿಯೆಟ್ ಎಂಬ ಊರಿನಲ್ಲಿ ಎರಡು ವರ್ಷದ ಕಾಲೇಜೊಂದು ಆರಂಭವಾಯಿತು. ಇಂಥವನ್ನು ಅಲ್ಲಿ ಸಮುದಾಯ ಕಾಲೇಜುಗಳೆನ್ನುತ್ತಾರೆ. ಮನೆಯ ಹತ್ತಿರದಲ್ಲಿ ಕಡಿಮೆ ವೆಚ್ಚದಲ್ಲಿ ಎರಡು ವರ್ಷ ಓದಿ, ಉಳಿದೆರಡನ್ನು ದೊಡ್ಡ ವಿಶ್ವವಿದ್ಯಾಲಯದಲ್ಲಿ ಮುಗಿಸುವುದು ಅಲ್ಲಿಯ ಬಡವಿದ್ಯಾರ್ಥಿಗಳ ದಾರಿ. ಯಾವ ಕಾಲೇಜಿನ ಯಾವ ಪಾಠವನ್ನು ಯಾವ ವಿಶ್ವವಿದ್ಯಾಲಯವು ಒಪ್ಪುವುದೆಂಬ ಪಟ್ಟಿಯನ್ನು ಕ್ಯಾಲಿಫೋರ್ನಿಯಾ ಪ್ರಾಂತದವರು ಅಸಿಸ್ಟ್ ಎಂಬ ಹೆಸರಿನಿಂದ ಎಲ್ಲರಿಗೂ ತೆರೆದಿಟ್ಟಿದ್ದಾರೆ. ವಿಜ್ಞಾನದ ವಿದ್ಯಾರ್ಥಿಗೆ ಆ ಪಟ್ಟಿಯು ಬಹು ಮುಖ್ಯ. ಏಕೆಂದರೆ ವಿಜ್ಞಾನದ ಪಾಠಗಳು ಸರಪಳಿಯ ಕೊಂಡಿಗಳಂತೆ. ಕಲನಶಾಸ್ತ್ರವಾಗದೆ ಭೌತವಿಜ್ಞಾನದ ಮೇಲಣ ಪಾಠವಿಲ್ಲ, ಮೊದಲನೆಯ ರಸಾಯನವಾಗದೆ ಎರಡನೆಯದಿಲ್ಲ. ಮೊದಲ ಕೊಂಡಿಯು ಆರು ತಿಂಗಳು ತಡವಾದರೆ ಕೊನೆಯದು ಒಂದು ವರ್ಷ ತಡವಾಗುವುದುಂಟು. ನಾನು ಕ್ಯಾಲೆಂಡರಿನ ಬೆನ್ನಿನ ಮೇಲೆ ಬರೆದುದು ಆ ಪಟ್ಟಿಯ ಬಡ ತಮ್ಮನೆಂದು ತಿಳಿಯಬಹುದು.

ಮುಂದೆ ದಿನಕ್ಕೆ ಒಂದು ಗಂಟೆ ಗಣಿತವೆಂದು ಗೊತ್ತಾಯಿತು. ಬೆಳಗಿನ ಐದೂವರೆಗೆ ಎದ್ದು, ಆರೂವರೆಗೆ ಮುಗಿಸಿ, ರೊಟ್ಟಿ ಬಡಿಯುವ ಕಾಕುವಿಗೆ ನೆರವಾಗಿ ಅವಳು ಕಾಲೇಜಿಗೆ ಹೋಗುವಳು. ಎಷ್ಟೋ ದಿನ ನನಗೇ ತಿಳಿಯದ ಲೆಕ್ಕಗಳಿಗೆ ನೆರೆಮನೆಯ ನಿವೃತ್ತ ಅಧ್ಯಾಪಕರ ಬಾಗಿಲನ್ನು ತಟ್ಟಿದೆವು.

ಕೊನೆಯ ವರ್ಷದಲ್ಲಿ, ಹೋಳಿಯಾದ ಮೇಲೆ ಶರಣಬಸವೇಶ್ವರರ ಜಾತ್ರೆಗೆಂದು ಬಂದ ಅಣ್ಣನು ರಾತ್ರಿ ಊಟವಾದ ಮೇಲೆ ಮೆಲ್ಲಗೆ ಹೇಳಿದನು: "ತಮ್ಮಾ, ಮೂರು ವರ್ಷ ಓದಿಸ್ದೆ. ಇನ್ನ ನೌಕರಿ ಸಿಕ್ರ ಸಾಕು. ಮತ್ತ ಮೂರು ವರ್ಷ ನನ್ನ ಕೈಲೆ ಆಗಲ್ಲ."

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆ ವರ್ಷ ಗಾಳಿಗೆ ತೋಟದ ಅರ್ಧ ಬಾಳೆ ಮುರಿದುಬಿದ್ದಿತ್ತು. ನಾನು ವಾದಿಸಲಿಲ್ಲ. ಕೆಂಪು ಬಾಳೆಯು ಗೊನೆ ಕೊಡುವುದಕ್ಕೆ ಎಷ್ಟು ಕಾಲ ಹಿಡಿಯುತ್ತದೆಂದು ಕೇಳಿದೆನು. ಒಂದೂವರೆ ವರ್ಷವೆಂದನು. "ಉಳಿದ ಬಾಳಿ ಒಂದ ವರ್ಷಕ್ಕ ಬರ್ತದ. ಅಷ್ಟು ಲಗೂ ಬರೋದು ಬಿಟ್ಟು ಇದನ್ಯಾಕ ಹಚ್ತಿ?" ಎಂದೆನು. ಅಣ್ಣನು ನಕ್ಕನು, ಆದರೆ ಉತ್ತರವನ್ನು ಕೊಡಲಿಲ್ಲ. ಹುಡುಗಿಯು ಒಳಗಿನಿಂದ ಬಂದು ಆ ಕ್ಯಾಲೆಂಡರಿನ ಹಾಳೆಯನ್ನು ತಂದೆಯ ಮುಂದೆ ಬಿಡಿಸಿಟ್ಟಳು. ಅಕ್ಷರವನ್ನು ಹೆಚ್ಚಾಗಿ ಬಲ್ಲವನಲ್ಲ ಅವನು. ಆದರೂ ಬಲಗಡೆಯ ಸಾಲಿನಲ್ಲಿ ಒಂದೊಂದಕ್ಕೂ ಎದುರಾಗಿ ಅವಳು ಹಾಕಿದ್ದ ಗೆರೆಗಳನ್ನು ಬೆರಳಿನಿಂದ ಎಣಿಸಿದನು. "ಇಷ್ಟೆಲ್ಲ ನೀನs ಮಾಡೀಯೇನವ್ವಾ?" ಎಂದನು. ಬೆಳಗಾದ ಮೇಲೆ ಊರಿಗೆ ಹೊರಡುವಾಗ, "ನೋಡ್ರಿ, ಹ್ಯಾಂಗ ಆಗ್ತದೋ ಆಗಲಿ" ಎಂದು ನನ್ನ ಹೆಂಡತಿಗೆ ಹೇಳಿಹೋದನು.

ಇಷ್ಟು ಲೆಕ್ಕ ಹಾಕಿದ ನಾನು ಒಂದು ಕಡೆ ಎಡವಿದೆನು. ಅದನ್ನು ಮುಚ್ಚಿಡುವುದು ಸರಿಯಲ್ಲ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371ಜೆ ವಿಧಿಯ ಮೇರೆಗೆ, ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಈ ಪ್ರದೇಶದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8 ಸ್ಥಾನಗಳ ಮೀಸಲಾತಿಯುಂಟು. ಅದಕ್ಕೆ ಅರ್ಹತೆಯ ಪ್ರಮಾಣಪತ್ರ ಬೇಕು. ಗಣಿತದ ಗೆರೆಗಳನ್ನು ಎಣಿಸುತ್ತ ಕುಳಿತ ನಾನು ಆ ಪತ್ರವನ್ನು ಮರೆತೇಬಿಟ್ಟಿದ್ದೆನು. ನೆನಪಾದಾಗ ಉಳಿದುದು ಕೆಲವೇ ದಿನ. ಅಣ್ಣನು ಕಮಲಾಪುರದಿಂದ ಹಳೆಯ ದಾಖಲೆಗಳನ್ನು ಪಂಜೆಯ ಗಂಟಿನಲ್ಲಿ ಕಟ್ಟಿಕೊಂಡು ಮೂರು ಸಲ ಬಸ್ಸಿನಲ್ಲಿ ಅಲೆದನು. ಪತ್ರವು ಕಟ್ಟಕಡೆಯ ಹೊತ್ತಿಗೆ ಕೈಗೆ ಬಂದಿತು. ಅದು ಬಾರದಿದ್ದರೆ ಆ ಹುಡುಗಿಯ ಮುಖವನ್ನು ನಾನು ಹೇಗೆ ನೋಡುತ್ತಿದ್ದೆನೋ ಅರಿಯೆನು.

2025ರಲ್ಲಿ ಅವಳಿಗೆ ಕಲಬುರಗಿಯಲ್ಲಿಯೇ ಸ್ಥಾನ ದೊರೆಯಿತು. ಈ ಊರಿನಲ್ಲಿ 1958ರಲ್ಲಿಯೇ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯವರು ಇಂಜಿನಿಯರಿಂಗ್ ಕಾಲೇಜನ್ನು ಸ್ಥಾಪಿಸಿದ್ದರು. ಅದರ ಮುಂದೆ ಎಷ್ಟೋ ಸಲ ಸೈಕಲ್ಲಿನ ಮೇಲೆ ಹಾದುಹೋಗಿದ್ದ ನಾನು ಒಂದು ದಿನವಾದರೂ ಒಳಗೆ ಹೋಗಿ ಕೇಳಿದವನಲ್ಲ.

ಮೊದಲ ತಿಂಗಳು ಅವಳಿಗೆ ಕಷ್ಟವೇ ಆಯಿತು. ಲಾಪ್ಲಾಸನ ಲೆಕ್ಕಗಳನ್ನು ಜೊತೆಯವರು ಕಣ್ಣು ಮುಚ್ಚಿ ಮಾಡುವಾಗ ಅವಳು ಎರಡು ಹಾಳೆ ಹೆಚ್ಚಾಗಿ ಬರೆಯಬೇಕಾಯಿತು. ಒಂದೆರಡು ರಾತ್ರಿ ಅತ್ತದ್ದೂ ಉಂಟು. ಆದರೆ ಕೈಬಿಡಲಿಲ್ಲ. "ಕಾಕಾ, ತಿಳೀಲಿಕ್ಕೆ ಹೊತ್ತು ಹಿಡೀತದ, ಆದ್ರ ತಿಳೀತದ" ಎನ್ನುತ್ತಾಳೆ.

ಗೃಹಸ್ಥರಲ್ಲಿ ನನ್ನ ವಿನಂತಿ ಇಷ್ಟೇ. ಮಗುವನ್ನು ಯಾವ ಪಾಠಕ್ಕೆ ಸೇರಿಸಿದರೂ ಅದೇ ದಿನ ಒಂದು ಹಾಳೆಯನ್ನು ತೆಗೆದುಕೊಂಡು, ಇದರ ಮುಂದಿನ ಮೆಟ್ಟಿಲು ಯಾವುದು, ಅದಕ್ಕೆ ಯಾವ ವಿಷಯ ಬೇಕು, ಯಾವ ಪರೀಕ್ಷೆ, ಯಾವ ಪತ್ರ ಎಂಬುದನ್ನು ಬರೆದಿಡಿರಿ. ತಿಳಿಯದಿದ್ದರೆ ತಿಳಿದವರನ್ನು ಕೇಳಿರಿ. ಕೇಳುವುದಕ್ಕೆ ಸಂಕೋಚಪಟ್ಟು ನಾನು ಒಂದು ಜನ್ಮದ ಅವಕಾಶವನ್ನು ಕಳೆದುಕೊಂಡೆನು. ನಮ್ಮ ಮನೆಯ ಗೋಡೆಯ ಮೇಲೆ ತೂಗುಬಿದ್ದಿರುವ ಆ ಹಳೆಯ ಹಾಳೆಯನ್ನು ಕಂಡಾಗಲೆಲ್ಲ ಅದರ ಸ್ವಲ್ಪ ಭಾಗವಾದರೂ ಮರಳಿ ಬಂದಿತೆಂದು ಸಮಾಧಾನಪಡುತ್ತೇನೆ.