ಹೊಲಗೇರು ಮುಟ್ಟಿದವರು

ಸಿದ್ದಾಪುರದ ಕಡೆ ಸೊಪ್ಪಿನ ಬೆಟ್ಟಕ್ಕೆ ಹೊರಟ ಮಕ್ಕಳಿಗೆ ಮೊದಲು ಗುರುತು ಮಾಡಿಕೊಡುತ್ತಿದ್ದ ಮರ ಹೊಲಗೇರು. ಸೊನೆ ಒಣಗಿದಲ್ಲೆಲ್ಲ ತೊಗಟೆ ಕಪ್ಪು. "ಹೊಲಗೇರು ಇದ್ದು, ಮುಟ್ಟಡ" ಎಂದರೆ ಪಾಠ ಮುಗಿಯಿತು.

ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಅಡಿಕೆ ತೋಟದವರಿಗೆ ತೋಟದ ಪ್ರತಿ ಎಕರೆಗೆ 9 ಎಕರೆವರೆಗೂ, ಕೊಟ್ಟಿಗೆಗೂ ಗೊಬ್ಬರಕ್ಕೂ ಸೊಪ್ಪು ಕಡಿಯುವ ಬೆಟ್ಟದ ಸವಲತ್ತು ಇತ್ತು. ಸವಲತ್ತು ನಮ್ಮದು, ಮರ ಹತ್ತಿ ಸೊಪ್ಪು ಕಡಿಯುವ ಮೈ ಕೂಲಿಯವರದು. ಸೊನೆ ತಾಗಿದವರ ಮುಖ ಬಾತು ಕಣ್ಣು ಮುಚ್ಚಿಹೋಗುತ್ತಿತ್ತು, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮನೆಯಲ್ಲಿ ಬಿದ್ದುಕೊಂಡಷ್ಟು ದಿನ ಕೂಲಿಯೂ ಇಲ್ಲ. "ನಂಗೆ ಅದು ತಾಗೂದಿಲ್ಲ" ಎಂದು ಮೀಸೆ ತಿರುವಿದವನಿಗೇ ಮುಂದಿನ ಮಳೆಗಾಲ ಮೈತುಂಬ ಗುಳ್ಳೆ. ಜಂಬಕ್ಕೆ ತಕ್ಕ ಶಾಸ್ತಿ ಎಂದು ಊರು ನಕ್ಕಿತು. ಆದರೆ ಅಲರ್ಜಿಯ ರೀತಿಯೇ ಹಾಗೆ. ಸೊನೆಯಲ್ಲಿರುವ ಎಣ್ಣೆಯಂಥ ಫೀನಾಲುಗಳು ಚರ್ಮದ ಪ್ರೋಟೀನಿಗೆ ಅಂಟುತ್ತವೆ, ದೇಹ ಅದನ್ನು ಹಗೆಯೆಂದು ನೆನಪಿಟ್ಟುಕೊಳ್ಳುತ್ತದೆ. ಮೊದಲ ಸಲ ಹೊರಗೇನೂ ಕಾಣದಿರಬಹುದು. ಸಿಟ್ಟು ತೀರಿಸಿಕೊಳ್ಳುವುದು ಆಮೇಲೆ.

ಹೊಲಗೇರಿನ ದಾಯಾದಿ ಕೇರುಬೀಜದ ರಸದಿಂದ ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಭಾರತಕ್ಕೆ ಬಂದ ಅಮೆರಿಕದ ಸೈನಿಕರಿಗೆ ಆ ಗುರುತಿದ್ದಲ್ಲೇ ಗುಳ್ಳೆಯೆದ್ದಾಗ ಅವರ ವೈದ್ಯರು 1943ರಲ್ಲಿ ಅದನ್ನು ದಾಖಲಿಸಿದರು. ನಮ್ಮ ಸೊಪ್ಪಿನವರ ಗುಳ್ಳೆ ಯಾರ ಕಡತಕ್ಕಾದರೂ ಏರಿತೋ ಇಲ್ಲವೋ ಗೊತ್ತಿಲ್ಲ.

ಹೊಸ ರಾಸಾಯನಿಕಗಳು ಇಂಥ ಅಲರ್ಜಿ ತರುತ್ತವೆಯೇ ಎಂದು ತಿಳಿಯಲು ಮೈ ಒಡ್ಡಿದ್ದು ಗಿನಿಪಿಗ್. 1969ರಲ್ಲಿ ರೂಪುಗೊಂಡ ವಿಧಾನದಲ್ಲಿ ಅದರ ಚರ್ಮಕ್ಕೆ ವಸ್ತುವನ್ನು ಚುಚ್ಚಿ, ವಾರಗಳ ನಂತರ ಮತ್ತೆ ಹಚ್ಚಿ, ಕೆಂಪಾಯಿತೇ ಎಂದು ನೋಡುತ್ತಿದ್ದರು. ಸೌಂದರ್ಯವರ್ಧಕಗಳ ಪ್ರಾಣಿಪರೀಕ್ಷೆಯನ್ನು ಭಾರತ 2014ರಲ್ಲಿ ನಿಷೇಧಿಸಿತು. ಪ್ರಾಣಿಯ ಬದಲಿಗೆ ಈಗ ಮೂರು ಪರೀಕ್ಷೆ. ಪ್ರೋಟೀನಿನ ಸಣ್ಣ ತುಣುಕುಗಳ ಜೊತೆ ವಸ್ತುವನ್ನು 24 ಗಂಟೆ ಬಿಟ್ಟು, ಎಷ್ಟು ತುಣುಕು ಅಂಟದೆ ಉಳಿಯಿತೆಂದು ಅಳೆಯುವುದು ಒಂದು. ತಟ್ಟೆಯಲ್ಲಿ ಬೆಳೆಸಿದ ಚರ್ಮದ ಕೋಶ ಬೆದರುತ್ತದೆಯೇ, ರೋಗನಿರೋಧಕ ಕೋಶ ಎಚ್ಚರಗೊಳ್ಳುತ್ತದೆಯೇ ಎಂಬುದು ಉಳಿದೆರಡು. ಮೂರರಲ್ಲಿ ಎರಡು ಒಪ್ಪಿದರೆ ಅದೇ ತೀರ್ಪು ಎಂಬ ಕ್ರಮವನ್ನು ಹಲವು ದೇಶಗಳ ಸಂಘಟನೆಯಾದ ಒಇಸಿಡಿ 2021ರಲ್ಲಿ ಅಂಗೀಕರಿಸಿತು.

ಈ ಜಾಣ ಪರೀಕ್ಷೆಗಳಿಗೆ ನಮ್ಮ ಸೊನೆ ಸುಲಭವಾಗಿ ಸಿಗುವ ಆಸಾಮಿಯಲ್ಲ. ಮೊದಲನೆಯದಕ್ಕೆ ಅಣುತೂಕ ಗೊತ್ತಿರುವ ವಸ್ತು ಬೇಕು, ಸೊನೆಯೋ ಹತ್ತೆಂಟರ ಕಲಬೆರಕೆ. ನೀರಿಗೆ ಬೆರೆಯದ ಜಿಡ್ಡಾದರೆ ಮೂರನೆಯದು ಕೊಡುವ 'ಇಲ್ಲ'ವನ್ನು ನಂಬುವಂತಿಲ್ಲ.

ಈಗ ಕೊಟ್ಟಿಗೆಗಳು ಖಾಲಿಯಾಗಿವೆ, ಸೊಪ್ಪು ಕಡಿಯುವುದು ಕಡಿಮೆ, ದರಕು (ಒಣಗಿ ಬಿದ್ದ ಎಲೆ) ಗುಡಿಸುವುದೇ ಹೆಚ್ಚು. ಹೊರಗಿನಿಂದ ಬರುವ ಕೆಲಸದವರಿಗೆ ಮರದ ಗುರುತಿಲ್ಲ. ಬಾತ ಮುಖಕ್ಕೆ ಮಾತ್ರೆ ಸಿಗುತ್ತದೆ ನಿಜ. ಅದರ ಖರ್ಚು ಯಾರದೆಂಬ ಮಾತು ಮಾತ್ರ ಕೂಲಿ ಗೊತ್ತುಮಾಡುವಾಗ ಈಗಲೂ ಏಳುವುದಿಲ್ಲ.