ಮಾದಾಪುರದ ಹೊಳೆಗೊಂದು ಜಿಗಿಹುಳು

ಸುಂಟಿಕೊಪ್ಪ ದಾಟಿ ಬಸ್ಸು ಮಾದಾಪುರದ ಕಡೆ ತಿರುಗಿದ್ದೇ ತಡ, ಕಿಟಕಿಯಿಂದ ಕಾಫಿ ಹೂವಿನ ಘಮ ನುಗ್ಗಿತು. ಹೂಮಳೆ ಬಿದ್ದು ವಾರವಾಗಿದ್ದಿರಬೇಕು. ರಸ್ತೆಯ ಎರಡೂ ಬದಿಯಲ್ಲಿ ರೊಬಸ್ಟಾ ಗಿಡಗಳು ರೆಂಬೆ ಕಾಣದಷ್ಟು ಬೆಳ್ಳಗಾಗಿದ್ದವು. ಪಕ್ಕದಲ್ಲಿ ಕೂತಿದ್ದ ಹೆಂಗಸು ಯಾರ ಮನೆಗೆ, ಏನು ಕೆಲಸ ಎಂದು ವಿಚಾರಿಸಿದರು. ಗಾಳಕ್ಕೆ ಹುಳು ಕಟ್ಟುವುದನ್ನು ಕಲಿಯಲು ಹೊರಟಿದ್ದೇನೆ ಎಂದೆ. ಎರೆಹುಳುವೇ ಎಂದು ಕೇಳಿದರು. ಅಲ್ಲ, ಗರಿಯದ್ದು ಎಂದಮೇಲೆ ಅವರು ಮತ್ತೆ ಮಾತು ಮುಂದುವರಿಸಲಿಲ್ಲ.

ನನ್ನ ಗೆಳೆಯನ ದೊಡ್ಡಪ್ಪ ನೀಲಗಿರಿಯ ಚಹಾ ತೋಟಗಳಲ್ಲಿ ದುಡಿದು, ನಿವೃತ್ತರಾಗಿ ಊರಿಗೆ ಮರಳಿದವರು. ಟ್ರೌಟ್ ಹುಚ್ಚು ಅವರಿಗೆ ಹತ್ತಿದ್ದು ಅಲ್ಲೇ. ಟ್ರೌಟ್ ತಣ್ಣೀರಿನ ಮೀನು. ನೀರಿನ ಬಿಸಿ ಇಪ್ಪತ್ತು ಡಿಗ್ರಿ ದಾಟಿತೆಂದರೆ ಅದಕ್ಕೆ ಉಸಿರು ಕಟ್ಟತೊಡಗುತ್ತದೆ. ಅದನ್ನು ನೀಲಗಿರಿಗೆ ತರಲು ಇಂಗ್ಲಿಷರು 1860ರ ದಶಕದಲ್ಲೇ ಹೆಣಗಾಡಿ ಸೋತಿದ್ದರು. ಕೊನೆಗೆ 1907ರಲ್ಲಿ ಎಚ್. ಸಿ. ವಿಲ್ಸನ್ ಅವಲಾಂಚೆಯಲ್ಲಿ ಮರಿ ಮಾಡುವ ಕೇಂದ್ರ ತೆರೆದ ಮೇಲೆ ಕಾಮನಬಿಲ್ಲಿನ ಬಣ್ಣದ ರೇನ್‌ಬೋ ಟ್ರೌಟ್ ಅಲ್ಲಿ ನೆಲೆಯೂರಿತು. ಕೊಡಗಿನ ಹೊಳೆಗಳಲ್ಲಿ ಟ್ರೌಟ್ ಇಲ್ಲ. ಆದರೂ ದೊಡ್ಡಪ್ಪನ ಜಗಲಿಯಲ್ಲಿ ಮೇಜಿನ ಅಂಚಿಗೆ ಪುಟ್ಟ ವೈಸ್ ಕಚ್ಚಿಕೊಂಡಿದೆ, ಅದರ ಬಾಯಲ್ಲಿ ಸದಾ ಒಂದು ಗಾಳ.

ಅವರು ಹೇಳಿಕೊಡಲು ಒಪ್ಪಿದ್ದು 'ಜ್ಯಾಸಿಡ್' ಎಂಬ ಡ್ರೈ ಫ್ಲೈಯನ್ನು. ನೀರಿನ ಮೇಲೆ ತೇಲಿ ಬರುವ ಹುಳುವಿನ ಸೋಗು ಹಾಕುವುದೇ ಡ್ರೈ ಫ್ಲೈ. ಮುಳುಗಿತೆಂದರೆ ಆಟ ಮುಗಿಯಿತು. ಜ್ಯಾಸಿಡ್ ಅಂದರೆ ನಮ್ಮ ಜಿಗಿಹುಳು. ಬದನೆ, ಹತ್ತಿ ಬೆಳೆಯುವವರು ಎಲೆ ಮಗುಚಿ ನೋಡಿ ಶಾಪ ಹಾಕಿ ಔಷಧಿ ಹೊಡೆಯುತ್ತಾರಲ್ಲ, ಅದೇ ಜಾತಿ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲೆಟಾರ್ಟ್ ಎಂಬ ತಿಳಿನೀರಿನ ತೊರೆಯುಂಟು. ಅದರ ದಡದಲ್ಲಿ ವಿನ್ಸೆಂಟ್ ಮ್ಯಾರಿನಾರೊ ಎಂಬವರು ಟ್ರೌಟುಗಳು ಕಣ್ಣಿಗೆ ಬೀಳದ ಏನನ್ನೋ ಸದ್ದಿಲ್ಲದೆ ಹೀರುತ್ತಿರುವುದನ್ನು ಕಂಡು ತಲೆಕೆಡಿಸಿಕೊಂಡರು. ಹುಲ್ಲಿನ ಮೇಲೆ ಬೋರಲು ಮಲಗಿ ನೀರಿನ ಮಟ್ಟಕ್ಕೆ ಮುಖ ತಂದು ನೋಡಿದಾಗ ದಡದ ಹುಲ್ಲಿನಿಂದ ಬಿದ್ದ ಇರುವೆ, ಜಿಗಿಹುಳುಗಳಂಥ ಕ್ರಿಮಿಗಳು ನೀರಿನ ಪೊರೆಗೆ ಅಂಟಿ ತೇಲಿ ಬರುತ್ತಿದ್ದವು. 1950ರಲ್ಲಿ ಬಂದ ಅವರ 'ಎ ಮಾಡರ್ನ್ ಡ್ರೈ-ಫ್ಲೈ ಕೋಡ್' ಇಂಥ ಹುಳುಗಳತ್ತ ಗಾಳದ ಹವ್ಯಾಸಿಗಳ ಕಣ್ಣು ತೆರೆಸಿತು.

ಇಷ್ಟು ಕೇಳಿದಾಗ ಇದು ನನಗೆ ಸಂಬಂಧವಿಲ್ಲದ ದೂರದ ಕಥೆ ಅನ್ನಿಸಿತ್ತು. ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟು, "ಆ ಹುಳದ ಬೆನ್ನಿಗೆ ಮ್ಯಾರಿನಾರೊ ಏನು ಕಟ್ಟಿದರು ಗೊತ್ತಾ? ನಾಳೆ ಬೆಳಿಗ್ಗೆ ತೋರಿಸ್ತೀನಿ, ಬೇಗ ಏಳು" ಎಂದರು.

ಮಂಜು ಇನ್ನೂ ಮೆಣಸಿನ ಬಳ್ಳಿಗಳಿಂದ ತೊಟ್ಟಿಕ್ಕುತ್ತಿತ್ತು. ತೋಟದ ಕೊನೆಯ ಪಾತಿಯಾಚೆ ಒಡಕು ದನಿಯಲ್ಲಿ ಕೂಗಿದ್ದು ಕಾಡುಕೋಳಿ. ಒಣಗೆಲೆ ಸರಬರ ಎಂದಿತು. ಹುಂಜ ಹೊರಗೆ ಬಂತು. ಬೂದು ಮೈ, ಮಿರುಗುವ ಕರಿಬಾಲ, ಕೆಂಪು ಜುಟ್ಟು. ದೊಡ್ಡಪ್ಪ ಕೊಟ್ಟ ದುರ್ಬೀನಿನಲ್ಲಿ ಅದರ ಕತ್ತು ತುಂಬಿಕೊಂಡಾಗ ಬಾಯಿಂದ ಮಾತೇ ಹೊರಡಲಿಲ್ಲ. ಕತ್ತಿನ ಪ್ರತಿ ಕಪ್ಪು ಗರಿಯ ತುದಿಯಲ್ಲೂ ಅರಗಿನ ಹನಿ ಬಿದ್ದು ಗಟ್ಟಿಯಾದ ಹಾಗೆ ಬಿಳಿ ಮತ್ತು ಹೊನ್ನಿನ ಬೊಟ್ಟು. ಅದು ಬರೀ ಬಣ್ಣವಲ್ಲ. ಆ ಜಾಗದಲ್ಲಿ ಗರಿಯ ಎಳೆಗಳೇ ಒಂದಕ್ಕೊಂದು ಬೆಸೆದು, ಉಗುರಿನಷ್ಟು ಬಿರುಸಾದ ಹೊಳೆಯುವ ತಗಡಾಗಿರುತ್ತವೆ. ಪೆನ್ಸಿಲ್ವೇನಿಯಾದ ಜಿಗಿಹುಳುವಿನ ಬೆನ್ನು ಅದು! ಭೂಮಿಯ ಆ ತುದಿಯ ತೊರೆಗೆ ಬೇಕಾಗಿದ್ದ ಒಂದೇ ಒಂದು ಗರಿ ಕಾಣಸಿಗುವುದು ನಮ್ಮ ಪರ್ಯಾಯದ್ವೀಪದ ಕಾಡುಗಳಲ್ಲಿ, ಇಲ್ಲಿ ಈ ಕಾಫಿ ಗಿಡಗಳ ಬುಡದಲ್ಲಿ ಕೆದಕುತ್ತಿರುವ ಈ ಹುಂಜದಲ್ಲಿ.

ಹುಂಜಕ್ಕೆ ಆ ಗರಿಗಳು ವರವೂ ಹೌದು, ಶಾಪವೂ ಹೌದು. ಹಿಂದೆ ಸಾಲ್ಮನ್ ಮೀನಿನ ಅಲಂಕಾರದ ಫ್ಲೈಗಳಿಗೆಂದು ಇದರ ಕತ್ತಿನ ಚರ್ಮಗಳು ದಕ್ಷಿಣ ಭಾರತದಿಂದ ಹಡಗು ಹತ್ತಿದವು. ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾವಲಿದೆ. ಹೊರದೇಶದವರು ತಮ್ಮಲ್ಲೇ ಸಾಕಿ ಬೆಳೆಸಿದ ಹಕ್ಕಿಗಳ ಗರಿ ಬಳಸುತ್ತಾರೆ. ಮನೆಗೆ ಮರಳುವ ದಾರಿಯಲ್ಲಿ ಕಾಡುಕೋಳಿಯ ಅಂಥದೊಂದು ಗರಿ ಉದುರಿ ಬಿದ್ದಿತ್ತು. ನನ್ನ ಕೈ ತಾನಾಗಿ ಮುಂದಾಯಿತು. "ಬಿಡು, ಅದು ಅಲ್ಲೇ ಇರಲಿ" ಎಂದರು ದೊಡ್ಡಪ್ಪ. "ನಮಗೆ ಮನೆ ಹುಂಜ ಸಾಕು."

ಜಗಲಿಗೆ ಬಂದು ಕೂತೆವು. ಗಾಳದ ಅಳತೆ ಇಪ್ಪತ್ತೆರಡು. ಫ್ಲೈ ಗಾಳಗಳಲ್ಲಿ ಸಂಖ್ಯೆ ಏರಿದಂತೆ ಗಾತ್ರ ಇಳಿಯುತ್ತದೆ. ಉದ್ದ ಹೆಚ್ಚೆಂದರೆ ನಾಲ್ಕೈದು ಮಿಲಿಮೀಟರ್. ಮೊದಲು ಕಪ್ಪು ದಾರವನ್ನು ಒಂದರ ಪಕ್ಕ ಒಂದು ಸುತ್ತಿ ಹಾಸು ಹಾಕಬೇಕು. ಆಮೇಲೆ ಹುಂಜದ ಕತ್ತಿನ ಕೆಂಬಣ್ಣದ ಗರಿ. ಹೇಂಟೆಯ ಗರಿ ಆಗದು, ಮೆತ್ತಗಿದ್ದು ನೀರು ಕುಡಿಯುತ್ತದೆ. ಕೋಳಿ ಅಂಕದವರು ಹುಂಜದ ಬಣ್ಣಕ್ಕೂ ವಾರಕ್ಕೂ ಗಂಟು ಹಾಕಿ ಪರೀಕ್ಷಿಸುತ್ತಾರಲ್ಲ, ದೊಡ್ಡಪ್ಪನ ಪರೀಕ್ಷೆ ಅದಕ್ಕಿಂತ ಬಿಗಿ. ಗರಿಯನ್ನು ಬಗ್ಗಿಸಿದರೆ ಎಳೆಗಳು ಒಂದೊಂದೂ ಸೆಟೆದು ನಿಲ್ಲಬೇಕು. ಅದನ್ನು ಪುಟ್ಟ ಇಕ್ಕಳದಲ್ಲಿ ಹಿಡಿದು ಗಾಳದ ಉದ್ದಕ್ಕೂ ಸುರುಳಿ ಸುತ್ತಿ, ಮೇಲಿನ ಹಾಗೂ ಕೆಳಗಿನ ಎಳೆಗಳನ್ನು ಕತ್ತರಿಸಿದಾಗ ಎರಡೂ ಪಕ್ಕಕ್ಕೆ ಮಾತ್ರ ಕಾಲು ಚಾಚಿದ ಹುಳವಾಯಿತು. ಉಕ್ಕು ನೀರಿಗಿಂತ ಭಾರ; ತೇಲಿಸುವುದು ಈ ಎಳೆಗಳು. ಅವು ನೀರಿನ ಮೇಲ್ಪೊರೆಯನ್ನು ಚುಚ್ಚದೆ ಅದರ ಮೇಲೆ ಭಾರ ಹಂಚಿ ನಿಲ್ಲುತ್ತವೆ.

ಕಷ್ಟ ಶುರುವಾಗುವುದು ಬೆನ್ನಿನ ಗರಿಯಲ್ಲಿ. ಕಾಡುಕೋಳಿಯ ಬದಲಿಗೆ ಕರಿಹುಂಜದ ಗರಿಗೆ ವಾರ್ನಿಷ್ ಬಳಿದು ಒಣಗಿಸಿ, ಮೊಟ್ಟೆಯಾಕಾರಕ್ಕೆ ಕತ್ತರಿಸಿ ಇಟ್ಟಿದ್ದರು. ಅದು ಗಾಳದ ಮೇಲೆ ಸಪಾಟಾಗಿ ಮಲಗಬೇಕು. ದಾರ ಬಿಗಿದೆನೆಂದರೆ ಗರಿ ದಾರದ ಜೊತೆಗೇ ತಿರುಗಿ ಪಕ್ಕಕ್ಕೆ ವಾಲುತ್ತದೆ. ಸಡಿಲ ಬಿಟ್ಟರೆ ಜಾರುತ್ತದೆ. ಕೊನೆಗೆ ದೊಡ್ಡಪ್ಪ ಉಪಾಯ ತೋರಿಸಿದರು: ಗರಿಯ ದಂಟಿನ ಬುಡವನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡು, ಅಲ್ಲಿ ನಾಲ್ಕು ಎಳೆ ಉಳಿಸಿಕೋ, ದಾರಕ್ಕೆ ಕಚ್ಚಿಕೊಳ್ಳಲು ಏನಾದರೂ ಸಿಗಬೇಕು. ದಾರವನ್ನು ಎರಡು ಸುತ್ತು ಮೆಲ್ಲಗೆ ಹಾಕಿ, ಬೆರಳು ಬಿಡದೆ ನೇರ ಮೇಲಕ್ಕೆ ಎಳೆದಾಗ ಗರಿ ಕೂತಿತು.

ದೊಡ್ಡಮ್ಮ ಅಕ್ಕಿ ರೊಟ್ಟಿಗೆ ಕರೆದರೂ ನಾನು ಏಳಲಿಲ್ಲ. ಕರಿ ಬೆನ್ನು ಬೋಳು ಅನ್ನಿಸಿ, ಅವರ ಮೊಮ್ಮಗಳ ಹಳದಿ ಉಗುರುಬಣ್ಣ ಬೇಡಿ ಒಂದು ಬೊಟ್ಟಿಟ್ಟೆ. ದೊಡ್ಡಪ್ಪ ಕನ್ನಡಕದ ಮೇಲಿಂದ ನೋಡಿ ನಕ್ಕರು. "ಅದು ನಿನಗೆ, ಮೀನಿಗಲ್ಲ." ಮೀನು ಕೆಳಗಿಂದ ನೋಡುತ್ತದೆ. ಆಕಾಶದ ಬೆಳಕಿನೆದುರು ಅದಕ್ಕೆ ಕಾಣುವುದು ಮೊಟ್ಟೆಯಾಕಾರದ ಕಪ್ಪು ನೆರಳು ಮಾತ್ರ. ಮ್ಯಾರಿನಾರೊ ಕಾಡುಕೋಳಿಯ ಗರಿಗೆ ಮನಸೋತದ್ದೂ ಅದು ಬೆಳಕನ್ನು ಬಿಡದಷ್ಟು ದಟ್ಟ ಎಂಬ ಕಾರಣಕ್ಕೆ. ಹಡಗುಗಟ್ಟಲೆ ಚರ್ಮ ಸಾಗಿಸಲು ಕಾರಣವಾದ ಆ ಹೊನ್ನಿನ ಬೊಟ್ಟನ್ನು, ಜ್ಯಾಸಿಡ್ ನುಂಗುವ ಯಾವ ಟ್ರೌಟೂ ನೋಡಿಯೇ ಇರಲಾರದು!

ಸಂಜೆ ಹೊಳೆಗೆ ಇಳಿದೆವು. ಕೋಟೆಬೆಟ್ಟದ ಕಡೆಯಿಂದ ಇಳಿದು ಹಾರಂಗಿಯತ್ತ ಹೋಗುವ ಮಾದಾಪುರ ಹೊಳೆ ಬೇಸಿಗೆಯಲ್ಲಿ ಮೊಣಕಾಲುದ್ದ. 2018ರ ಆಗಸ್ಟಿನಲ್ಲಿ ಬೆಟ್ಟಗಳೇ ಕುಸಿದು ಕೆಸರಾಗಿ ಹರಿದ ಸೀಮೆಯಿದು ಎಂದು, ಕಲ್ಲುಗಳ ನಡುವೆ ತಳ ಕಾಣುವ ಈ ನೀರನ್ನು ನೋಡಿದರೆ ನಂಬಲಾಗುವುದಿಲ್ಲ. ದೊಡ್ಡಪ್ಪ ಗಾಳದ ಮೊನೆಯನ್ನು ಕತ್ತರಿಸಿ ಎಸೆದರು. ಹಿಡಿಯುವುದು ನಮ್ಮ ಉದ್ದೇಶವಲ್ಲ. ಗಾಳದ ದಾರದ ತುದಿಗೆ ಫ್ಲೈ ಕಟ್ಟಿ ಹರಿವಿಗೆ ಬಿಟ್ಟೆ.

ತೇಲಿತು. ನಾನು ಕಟ್ಟಿದ ಹುಳ ನೀರಿನ ಚರ್ಮದ ಮೇಲೆ ಕೂತು, ಕಲ್ಲು ಬಳಸಿ, ಸುಳಿ ದಾಟಿ ಹೊರಟಿತು. ಬೆರಳುದ್ದದ ಮೀನೊಂದು ತಳದಿಂದ ಮೇಲೆದ್ದು, ಮೂತಿ ತಾಗುವಷ್ಟು ಹತ್ತಿರ ಜೊತೆಗೇ ತೇಲಿ, ಗುಳಕ್ಕನೆ ನುಂಗಿ ಅಷ್ಟೇ ಬೇಗ ಉಗಿಯಿತು. ನಾನು ಕೂಗಿದ ರಭಸಕ್ಕೆ ಆಚೆ ದಡದ ಕೊಕ್ಕರೆ ಹಾರಿಹೋಯಿತು. ದೊಡ್ಡಪ್ಪ ಫ್ಲೈಯನ್ನು ಹತ್ತಿರ ಎಳೆದು ಅಂಗೈಯಲ್ಲಿಟ್ಟುಕೊಂಡು ಪರೀಕ್ಷಿಸಿದರು.

"ಮೀನು ಒಪ್ಪಿತು, ನಾನು ಒಪ್ಪಿಲ್ಲ. ಬೆನ್ನು ಎಡಕ್ಕೆ ವಾಲಿದೆ, ನೋಡು. ನಾಳೆ ಬಿಚ್ಚಿ ಮತ್ತೆ ಕಟ್ಟು."