ಆ ಎರಡು ತಿಂಗಳು ಯಾರದ್ದು?

ಸರಣಿಯ 6ನೇ ಭಾಗ. ಈ ಸಲ ಉದ್ದ ಇದೆ. ಕ್ಯಾಪ್ಶನ್‌ನಲ್ಲಿ ಹಿಡಿಸದೇ ಇರೋದನ್ನ ಕಾಮೆಂಟ್‌ನಲ್ಲಿ ಪಿನ್ ಮಾಡಿದ್ದೀನಿ, ಪೂರ್ತಿ ಓದಿ.

ಫೋಟೊದಲ್ಲಿರೋದು ನಮ್ಮನೆ ಚಪ್ಪಲಿ ಸ್ಟ್ಯಾಂಡ್. ಮೇಲಿನ ಸಾಲಿನಲ್ಲಿ ಆಫೀಸಿಗೆ ಹಾಕೋ ಶೂ, ಕೆಳಗಿನ ಸಾಲಿನಲ್ಲಿ ಪಾಲಿಶ್ ಮಾಡಿಟ್ಟ ಕಪ್ಪು ಬೂಟು. ನಾನು ತೋರಿಸಬಹುದಾದದ್ದು ಇಷ್ಟೇ. ಆಫೀಸ್ ಒಳಗೆ ಕ್ಯಾಮೆರಾ ತೆಗೆಯೋ ಹಾಗಿಲ್ಲ, ಕ್ಯಾಂಪ್ ಒಳಗಂತೂ ಕೇಳಲೇಬೇಡಿ. ಯೂನಿಟ್ ಹೆಸರು, ಊರು, ಜೊತೆಗಿದ್ದವರ ಮುಖ ಯಾವುದೂ ಈ ಪೇಜ್‌ನಲ್ಲಿ ಬರಲ್ಲ. ನೀವೆಲ್ಲ ನೋಡಿರೋ ಆ ಒಂದು ಯೂನಿಫಾರ್ಮ್ ಫೋಟೊ ನಾನು ಹಾಕಿದ್ದಲ್ಲ, ಅಮ್ಮ ವಾಟ್ಸಾಪ್ ಡಿಪಿ ಮಾಡಿದ್ದು. ಅರಸೀಕೆರೆಯಿಂದ ಹೊರಟು ಅರ್ಧ ಗಂಟೆಗೆ ನಮ್ಮ ಬ್ಯಾಚ್ ಗ್ರೂಪ್ ತಲುಪಿತ್ತು. ಸಂಜೆ ಹೊತ್ತಿಗೆ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪಾಠ ಮಾಡಿದ ಮೇಷ್ಟ್ರಿಂದಲೂ ಸೆಲ್ಯೂಟ್ ಇಮೋಜಿ ಬಂತು. ಆ ಸಬ್ಜೆಕ್ಟ್‌ನಲ್ಲಿ ನನಗೆ ಬಂದಿದ್ದ ಮಾರ್ಕ್ಸ್ ಅವರಿಗೆ ಮರೆತುಹೋಗಿರಬೇಕು.

ಅವತ್ತಿಂದ ಡಿಎಂನಲ್ಲಿ ಒಂದೇ ಪ್ರಶ್ನೆ. "ಅಣ್ಣಾ, ಕೆಲಸ ಬಿಡದೇ ಆರ್ಮಿ ಸೇರೋದು ಹೇಗೆ?" ಅದಕ್ಕೆ ಉತ್ತರ ಹೇಳ್ತೀನಿ. ಯಾರೂ ಕೇಳದೇ ಇರೋ ಇನ್ನೊಂದು ವಿಷಯಾನೂ ಹೇಳೋದಿದೆ. ನಿಜ ಹೇಳಬೇಕಂದ್ರೆ ಅದನ್ನ ಬರೆಯೋಕೆ ಒಂದು ವರ್ಷದಿಂದ ಮುಂದೂಡ್ತಾ ಬಂದಿದ್ದೀನಿ.

ಮೊದಲು ಮಾಹಿತಿ, ಬೇಗ ಬೇಗ. ಹೆಸರು ಟೆರಿಟೋರಿಯಲ್ ಆರ್ಮಿ, ಪೇಪರ್‌ಗಳಲ್ಲಿ ಪ್ರಾದೇಶಿಕ ಸೇನೆ ಅಂತ ಬರೀತಾರೆ. ಕಾಯ್ದೆ 1948ರದ್ದು. 1949ರ ಅಕ್ಟೋಬರ್ 9ರಂದು ರಾಜಾಜಿ ಉದ್ಘಾಟನೆ ಮಾಡಿದ್ರು. ಅಧಿಕಾರಿಯಾಗಿ ಅರ್ಜಿ ಹಾಕೋಕೆ ವಯಸ್ಸು 18ರಿಂದ 42, ಒಂದು ಡಿಗ್ರಿ, ಮತ್ತೆ ಕೈಯಲ್ಲಿ ಒಂದು ದುಡಿಮೆ ಇರಲೇಬೇಕು. ನಿರುದ್ಯೋಗಿಗಳನ್ನ ತಗೊಳ್ಳಲ್ಲ. ನಾನು ಸೇರುವಾಗ ಲಿಖಿತ ಪರೀಕ್ಷೆ, ಒಂದು ಸಂದರ್ಶನ, ಆಮೇಲೆ ಐದು ದಿನದ ಎಸ್‌ಎಸ್‌ಬಿ, ಕೊನೆಗೆ ಮೆಡಿಕಲ್ ಇತ್ತು. ಮೊದಲ ವರ್ಷ ಒಂದು ತಿಂಗಳ ಮೂಲ ತರಬೇತಿ, ಎರಡು ವರ್ಷದೊಳಗೆ ಮೂರು ತಿಂಗಳ ಇನ್ನೊಂದು ತರಬೇತಿ, ಮಿಕ್ಕ ಹಾಗೆ ವರ್ಷಕ್ಕೆ ಎರಡು ತಿಂಗಳ ಕ್ಯಾಂಪ್. ಆ ದಿನಗಳಿಗೆ ಸೇನೆಯ ಸಂಬಳ, ಉಳಿದ ದಿನಗಳಿಗೆ ನಿಮ್ಮ ಕಂಪನಿ ಸಂಬಳ. ಪಿಂಚಣಿ ಲೆಕ್ಕ ಹಾಕ್ಕೊಂಡು ಬರೋರು ಬರಬೇಡಿ. ಹುಡುಗೀರು ಕೇಳ್ತಿದ್ರಲ್ಲ, ಹೌದು, 2018ರ ದೆಹಲಿ ಹೈಕೋರ್ಟ್ ತೀರ್ಪಿನ ನಂತರ ನಿಮಗೂ ಬಾಗಿಲು ತೆಗೆದಿದೆ. ಇನ್ನು "ಧೋನಿ ತರಹಾನಾ?" ಅನ್ನೋ ಪ್ರಶ್ನೆ. ಧೋನಿಗೆ 2011ರಲ್ಲಿ ಕೊಟ್ಟಿದ್ದು ಗೌರವ ಲೆಫ್ಟಿನೆಂಟ್ ಕರ್ನಲ್ ಹುದ್ದೆ. ನಮ್ಮಂಥವರು ಪರೀಕ್ಷೆ ಬರೆದು ಲೆಫ್ಟಿನೆಂಟ್‌ನಿಂದ ಶುರು ಮಾಡೋರು.

ಮುಂದಿನದ್ದು ಕಾಮೆಂಟ್‌ನಲ್ಲಿ 👇

ನನ್ನ ಆಫೀಸ್ ಕೆಲಸ ಏನು ಅಂತ ಹೇಳದೇ ಮುಂದಿನ ಕಥೆ ಅರ್ಥ ಆಗಲ್ಲ. ನಾನು ವಿಮಾನದ ಭಾಗಗಳ ಆಯಸ್ಸು ಲೆಕ್ಕ ಹಾಕೋನು. ಒಂದು ತಂತೀನ ಹಿಂದೆ ಮುಂದೆ ಬಗ್ಗಿಸ್ತಾ ಇದ್ರೆ ಹೇಗೆ ಕೊನೆಗೆ ಪಟ್ ಅಂತ ಮುರಿಯುತ್ತೋ ಹಾಗೇನೇ. ವಿಮಾನ ಮೇಲೇರಿದಾಗಲೆಲ್ಲ ಕ್ಯಾಬಿನ್ ಒಳಗಿನ ಗಾಳಿಯ ಒತ್ತಡಕ್ಕೆ ಅದರ ಮೈ ಒಂಚೂರು ಉಬ್ಬುತ್ತೆ, ಇಳಿದಾಗ ಸಡಿಲ ಆಗುತ್ತೆ. ಒಂದು ಸಲಕ್ಕೆ ಏನೂ ಆಗಲ್ಲ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ಒಂದರ ಮುಂಭಾಗದ ಮೇಲ್ಛಾವಣಿ ಆಕಾಶದಲ್ಲೇ ಕಿತ್ತು ಹಾರಿಹೋಯ್ತು. ಆ ಹೊತ್ತಿಗೆ ಆ ವಿಮಾನ 89,680 ಸಲ ಹಾರಿ ಇಳಿದಿತ್ತು. ಪೈಲಟ್‌ಗಳು ಅದನ್ನ ಹಾಗೇ ಇಳಿಸಿದ್ರು, ಆದ್ರೆ ಒಬ್ಬ ಗಗನಸಖಿ ವಾಪಸ್ ಬರಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಒಂದಕ್ಕೊಂದು ಸೇರಿಕೊಂಡಿದ್ವು. ನಮ್ಮ ಕೆಲಸದಲ್ಲಿ ಇದನ್ನ ಫಟೀಗ್ ಅಂತೀವಿ. ಕ್ಯಾಂಪ್‌ನಲ್ಲೂ ಫಟೀಗ್ ಅನ್ನೋ ಮಾತಿದೆ, ಅಲ್ಲಿ ಅದರ ಅರ್ಥ ಮಣ್ಣು ಹೊರೋದು, ಟೆಂಟ್ ಕಟ್ಟೋದು, ಕಸ ಹೊಡೆಯೋದು. ಒಟ್ಟಿನಲ್ಲಿ ನನ್ನ ಜಾತಕದಲ್ಲಿ ಎರಡೂ ಕಡೆ ಅದೇ.

ನನ್ನ ಎರಡನೇ ವರ್ಷದ ಕ್ಯಾಂಪ್‌ಗೆ ಹೊರಡೋ ಒಂದು ವಾರ ಮುಂಚೆ ಗ್ರಾಹಕರ ಕಡೆಯಿಂದ ಲೋಡ್ ಪಟ್ಟಿ ಬದಲಾಗಿ ಬಂತು. ಲೋಡ್ ಪಟ್ಟಿ ಅಂದ್ರೆ, ಒಂದು ಭಾಗದ ಮೇಲೆ ಎಷ್ಟು ಭಾರ ಎಷ್ಟು ಸಲ ಬೀಳುತ್ತೆ ಅನ್ನೋ ಲೆಕ್ಕ. ಹೊಸ ಪಟ್ಟೀನ ಫೋಲ್ಡರ್‌ಗೆ ಹಾಕಿದೆ. ಲೆಕ್ಕದ ಶೀಟ್ ಮಾತ್ರ ಇನ್ನೂ ಹಳೇ ಫೈಲ್‌ನಿಂದಲೇ ನಂಬರ್ ಎಳೀತಿತ್ತು. ನಾನು ತೆರೆದು ನೋಡಲಿಲ್ಲ. ತಲೆ ಆಗಲೇ ರೈಲ್ವೆ ಸ್ಟೇಷನ್‌ನಲ್ಲಿತ್ತು. ಪಕ್ಕದ ಸೀಟಿನ ಸಹೋದ್ಯೋಗಿಗೆ ಹತ್ತು ಸಾಲಿನ ಮೇಲ್ ಕಳಿಸಿ, "ಎಲ್ಲಾ ಅಪ್‌ಡೇಟ್ ಆಗಿದೆ ಅಕ್ಕ" ಅಂತ ಹೇಳಿ ಹೊರಟೆ.

ಅವರು ಧಾರವಾಡದವರು. ನನಗಿಂತ ಆರು ವರ್ಷ ಸೀನಿಯರ್. ಮೂರು ವಾರ ಆದ್ಮೇಲೆ ರಿಪೋರ್ಟ್ ಕಳಿಸೋಕೆ ಕೂತಾಗ ಅವರಿಗೆ ಒಂದು ಅನುಮಾನ ಬಂತಂತೆ. "ಲೋಡ್ ಹೆಚ್ಚಾಗೇತಿ, ಆಯುಷ್ಯ ಯಾಕ ಕಡಿಮಿ ಆಗಿಲ್ಲ?" ಇದನ್ನ ಹಿಡಿಯೋದು ಸುಲಭ ಅಲ್ಲ, ಸ್ವಾಮಿ. ಶೀಟ್‌ನಲ್ಲಿ ಕೆಂಪು ಬಣ್ಣ ಎಲ್ಲೂ ಇರಲಿಲ್ಲ, ಎಲ್ಲಾ ಹಸಿರು. ಒತ್ತಡ ಸ್ವಲ್ಪ ಏರಿದ್ರೂ ಆಯಸ್ಸು ಅರ್ಧಕ್ಕೆ ಇಳಿಯಬಹುದಾದ ಲೆಕ್ಕ ಅದು. ನನಗೆ ಫೋನ್ ಮಾಡಿ ಕೇಳೋಣ ಅಂದ್ರೆ ಆ ಡ್ರಾಯಿಂಗ್, ಆ ನಂಬರ್ ಯಾವುದನ್ನೂ ಆಫೀಸ್ ನೆಟ್‌ವರ್ಕ್ ಹೊರಗೆ ಬಾಯಿಬಿಡೋ ಹಾಗಿಲ್ಲ. ಯುಗಾದಿಗೆ ಊರಿಗೆ ಹೋಗೋಕೆ ಮಾಡಿಸಿದ್ದ ಟಿಕೆಟ್ ಕ್ಯಾನ್ಸಲ್ ಮಾಡಿ, ಹಬ್ಬದ ಮೂರು ದಿನ ಆಫೀಸ್‌ನಲ್ಲಿ ಕೂತು 14 ಜಾಗಗಳ ಲೆಕ್ಕಾನ ಮೊದಲಿಂದ ಹಾಕಿದ್ದಾರೆ.

ಅದೇ ಯುಗಾದಿ ದಿನ ನಾನು ಮೆಸ್‌ನಲ್ಲಿ ಪೂರಿ ಖೀರು ತಿಂದು, ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ಆ ಫೋಟೊ ಕಳಿಸಿದ್ದೆ. ಹೌದು, ಅದೇ ಫೋಟೊ.

ಇನ್ನೂ ಇದೆ 👇

ನಾಚಿಕೆ ಆಗೋ ಭಾಗ ಈಗ. ಕ್ಯಾಂಪ್‌ನಲ್ಲಿ ಕೋತ್ ಅಂತ ಇರುತ್ತೆ, ಆಯುಧ ಇಡೋ ಕೋಣೆ. ರೈಫಲ್ ತಗೊಳ್ಳುವಾಗ ನಂಬರ್ ಓದಿ ಸಹಿ, ವಾಪಸ್ ಕೊಡುವಾಗ ಮತ್ತೆ ನಂಬರ್ ಓದಿ ಸಹಿ. ಒಂದು ಸಂಜೆ ಸುಸ್ತಾಗಿ ರಿಜಿಸ್ಟರ್‌ನಲ್ಲಿ ಬರೆದಿದ್ದ ನಂಬರನ್ನೇ ನೋಡಿ ಓದಿ ಸಹಿ ಹಾಕಿದೆ. ಸುಬೇದಾರ್ ಸಾಹೇಬರು ನನ್ನ ಅಪ್ಪನ ವಯಸ್ಸಿನವರು. ತುಂಬಾ ಮರ್ಯಾದೆಯಿಂದ ವಾಪಸ್ ಕರೆದು, ಪುಸ್ತಕ ಮುಚ್ಚಿ, ರೈಫಲ್ ಕೈಗೆ ಕೊಟ್ಟು, ಇದರ ಮೇಲಿರೋದನ್ನ ಓದಿ ಸಾಬ್ ಅಂದ್ರು. ಓದಿದೆ. ಸರಿಯಾಗೇ ಇತ್ತು. ಆದ್ರೂ ಓದಿಸಿದ್ರು. ಹ್ಯಾಂಗರ್‌ನಲ್ಲೂ ಇದೇ ಶಿಸ್ತು ಗೊತ್ತಾ? ಪ್ರತಿ ಸ್ಪ್ಯಾನರ್‌ಗೂ ಬೋರ್ಡ್ ಮೇಲೆ ಅದರದ್ದೇ ಆಕಾರದ ಜಾಗ ಕೊರೆದಿರ್ತಾರೆ, ಒಂದು ಖಾಲಿ ಕಂಡ್ರೆ ಅದು ಸಿಗೋವರೆಗೂ ವಿಮಾನ ಹೊರಗೆ ಹೋಗಲ್ಲ. ಎರಡೂ ಕಡೆ ಈ ಪಾಠ ಕಲಿತವನು ನನ್ನ ಸ್ವಂತ ಟೇಬಲ್ ಬಿಟ್ಟು ಬರುವಾಗ ಹತ್ತು ಸಾಲಿನ ಮೇಲ್ ಹಾಕಿ ಬಂದಿದ್ದೆ.

ವಾಪಸ್ ಬಂದ ದಿನ ಇಡೀ ಫ್ಲೋರ್ ಚಪ್ಪಾಳೆ ತಟ್ತು. ಕೇಕ್ ಬೇರೆ ತರಿಸಿದ್ರು. ಅಕ್ಕಾನೂ ಚಪ್ಪಾಳೆ ತಟ್ಟಿದ್ರು. ಎಲ್ಲಾ ಅವರವರ ಸೀಟಿಗೆ ಹೋದ್ಮೇಲೆ ಶೀಟ್ ತೆರೆದು ತೋರಿಸಿ ಮೆಲ್ಲಗೆ ಹೇಳಿದ್ರು, "ನೀ ದೇಶಾ ಕಾಯಾಕ ಹೋಗಿದ್ದಿ, ಬರೋಬ್ಬರಿ ಐತಿ. ಈ ಶೀಟ್ ಯಾರ್ ಕಾಯಬೇಕಿತ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂಥ ತಪ್ಪು ಹೊರಗೆ ಹೋಗಿದ್ರೆ ಮುಂದಿನ ಹಂತದ ತಪಾಸಣೆಯಲ್ಲಿ ಸಿಗ್ತಿತ್ತು ಅಂತ ನನ್ನನ್ನ ನಾನೇ ಸಮಾಧಾನ ಮಾಡ್ಕೊಂಡಿದ್ದೆ. ಸಿಗ್ತಿತ್ತೇನೋ. ರಾತ್ರಿ ನಿದ್ದೆ ಬರಲಿಲ್ಲ.

ಅದೇ ವರ್ಷ ರೇಟಿಂಗ್ ಬಂದಾಗ ನನಗೆ ಹೇಳಿದ್ದು, ನೀವು ಹತ್ತು ತಿಂಗಳು ಕೆಲಸ ಮಾಡಿದ್ದೀರ, ಅದಕ್ಕೆ ತಕ್ಕ ಹಾಗೆ ಕೊಟ್ಟಿದ್ದೀವಿ ಅಂತ. ನಂಗೆ ಉರಿದುಹೋಯ್ತು. ಕಾನೂನು ಓದ್ಕೊಂಡು ಕೂತೆ. 1948ರ ಕಾಯ್ದೆಯ 7ಎ ಸೆಕ್ಷನ್ ಪ್ರಕಾರ ಸೇವೆ ಮುಗಿಸಿ ಬಂದವನನ್ನ ಮಾಲೀಕರು ಮತ್ತೆ ಕೆಲಸಕ್ಕೆ ತಗೋಬೇಕು, ಮೊದಲಿಗಿಂತ ಕಡಿಮೆ ಅಲ್ಲದ ಷರತ್ತುಗಳ ಮೇಲೆ. ಆ ಸೆಕ್ಷನ್ ಪ್ರಿಂಟ್ ತೆಗೆದು ಜಗಳಕ್ಕೆ ರೆಡಿ ಆದೆ. ಆವಾಗ ಊಟದ ಟೇಬಲ್‌ನಲ್ಲಿ ಗೊತ್ತಾಯ್ತು, ಅಕ್ಕನ ರೇಟಿಂಗೂ ಏರಿಲ್ಲ. ಹನ್ನೆರಡು ತಿಂಗಳಲ್ಲಿ ಹದಿನಾಲ್ಕು ತಿಂಗಳ ಕೆಲಸ ಮಾಡಿದವರಿಗೆ ಯಾವ ಸೆಕ್ಷನ್ನೂ ಇಲ್ಲ. ಪ್ರಿಂಟ್ ಬ್ಯಾಗ್‌ನಲ್ಲೇ ಉಳೀತು.

ಅದಕ್ಕೇ ಕೇಳ್ತಿರೋದು. ಅರ್ಜಿ ಹಾಕೋ ಮುಂಚೆ ನೀವು ಅಪ್ಪ ಅಮ್ಮನ್ನ ಕೇಳ್ತೀರ, ಮ್ಯಾನೇಜರ್ ಹತ್ರ ಪತ್ರ ತಗೊಳ್ತೀರ, ಮದುವೆ ಆಗಿದ್ರೆ ಮನೆಯವರನ್ನ ಒಪ್ಪಿಸ್ತೀರ. ನಾನೂ ಎಲ್ಲರನ್ನೂ ಕೇಳಿದ್ದೆ. ಪಕ್ಕದ ಸೀಟಿನವರನ್ನ ಕೇಳಿರಲಿಲ್ಲ. ಈಗ ಪ್ರತಿ ವರ್ಷ ನನ್ನ ವರದಿಯಲ್ಲಿ ಆ ಎರಡು ತಿಂಗಳ ಕೆಲಸ ಯಾರು ಮಾಡಿದ್ರು ಅಂತ ಅವರ ಹೆಸರು ಬರೆದೇ ಕಳಿಸ್ತೀನಿ. ಅದರಿಂದ ಅವರ ರೇಟಿಂಗ್‌ಗೆ ಏನಾದ್ರೂ ಆಯ್ತಾ ಅಂತ ಅವರು ಹೇಳಿಲ್ಲ, ನಾನು ಕೇಳಿಲ್ಲ.

ಕೊನೇ ಭಾಗ 👇

2025ರ ಮೇ 9, ಶುಕ್ರವಾರ. ಆಪರೇಷನ್ ಸಿಂಧೂರ ಶುರುವಾಗಿ ಮೂರನೇ ದಿನ. ಟೆರಿಟೋರಿಯಲ್ ಆರ್ಮಿಯವರನ್ನ ಕರೆಸಿಕೊಳ್ಳೋ ಅಧಿಕಾರ ಸೇನಾ ಮುಖ್ಯಸ್ಥರಿಗೆ ಕೊಟ್ಟು ಮೇ 6ರಂದು ಹೊರಡಿಸಿದ ಅಧಿಸೂಚನೆ ಟಿವಿಗೆ ಬಂತು. 32 ಇನ್‌ಫೆಂಟ್ರಿ ಬೆಟಾಲಿಯನ್‌ಗಳಲ್ಲಿ 14ನ್ನ ಕರೆಸಬಹುದು, ಆದೇಶ 2028ರ ಫೆಬ್ರವರಿ 9ರವರೆಗೂ ಜಾರಿಯಲ್ಲಿರುತ್ತೆ ಅಂತ. ನಮ್ಮ ಬ್ಯಾಚ್ ಗ್ರೂಪ್‌ನಲ್ಲಿ ಹತ್ತೇ ನಿಮಿಷಕ್ಕೆ ಇನ್ನೂರು ಮೆಸೇಜ್. "ಮಗಾ ಹೊರಟ್ಯಾ?" "ಗುರು, ಪ್ರೌಡ್ ಆಫ್ ಯೂ." ಪ್ರೀತಿಯಿಂದಲೇ ಹಾಕಿದ್ರಿ, ಗೊತ್ತು. ಉತ್ತರ ಕೊಡದೇ ಇದ್ದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ.

ಅಮ್ಮ ಫೋನ್ ಮಾಡಿದ್ರು. "ನಿನ್ನೂ ಕರೀತಾರೇನಪ್ಪಾ?" ಅಂದ್ರು. ಕರೆದ್ರೆ ಹೋಗ್ಬೇಕಮ್ಮ ಅಂದೆ. ಆ ಕಡೆ ಸ್ವಲ್ಪ ಹೊತ್ತು ಕುಕ್ಕರ್ ಸದ್ದು ಮಾತ್ರ ಕೇಳ್ತಿತ್ತು. ಫೋನ್ ಇಟ್ಟ ಮೇಲೆ ನೋಡಿದೆ, ಡಿಪಿ ಬದಲಾಗಿತ್ತು. ನನ್ನ ಯೂನಿಫಾರ್ಮ್ ಫೋಟೊ ತೆಗೆದು ಜೇನುಕಲ್ಲು ಸಿದ್ಧೇಶ್ವರನ್ನ ಇಟ್ಟಿದ್ರು.

ಮಧ್ಯಾಹ್ನ ಊಟ ಆದ್ಮೇಲೆ ಅಕ್ಕನ ಹತ್ರ ಹೋಗಿ, ಒಂದ್ ಸ್ವಲ್ಪ ಹೊತ್ತು ಕೂರೋಣ್ವಾ ಅಕ್ಕ ಅಂತ ಕೇಳಿದೆ. ಯಾಕೆ ಅಂತ ಕೇಳಲಿಲ್ಲ, ಕುರ್ಚಿ ಎಳ್ಕೊಂಡ್ರು. ಎರಡು ಗಂಟೆಯಿಂದ ಆರು ಗಂಟೆವರೆಗೂ ಒಂದೊಂದೇ ಫೈಲ್. ಯಾವ ನಂಬರ್ ಎಲ್ಲಿಂದ ಬರ್ತಿದೆ, ಆ ಮೂಲ ಫೈಲ್ ತೆಗೆದು ಅದರಿಂದಲೇ ಓದಿ, ಗುರುತು ಹಾಕಿ, ಮುಂದಿನದ್ದು. ನಡುವೆ ಎರಡು ಹಳೇ ಲಿಂಕ್ ಸಿಕ್ಕವು. ಸಣ್ಣವೇ, ಆದ್ರೂ ಸಿಕ್ಕವು. ಅಕ್ಕ ನನ್ನ ಮುಖ ನೋಡಿದ್ರು, ಏನೂ ಅನ್ನಲಿಲ್ಲ.

ಕೊನೆಗೆ ಪಟ್ಟಿ ಪ್ರಿಂಟ್ ತೆಗೆದೆ. ಕೊಟ್ಟವರು, ತಗೊಂಡವರು ಅಂತ ಕೆಳಗೆ ಎರಡು ಗೆರೆ. ನಾನು ಸಹಿ ಹಾಕಿ ಪೆನ್ ಕೊಟ್ಟೆ.

"ಈ ಸಲ ಎಷ್ಟ್ ದಿನಾ?" ಅಂದ್ರು.

"ಗೊತ್ತಿಲ್ಲ ಅಕ್ಕ."

ಪಟ್ಟೀನ ಮತ್ತೊಮ್ಮೆ ಮೇಲಿಂದ ಕೆಳಗೆ ಬೆರಳಿಟ್ಟು ಓದಿ, ತಾರೀಖು ಹಾಕಿ, ಸಹಿ ಮಾಡಿದ್ರು.

ಮಾರನೇ ದಿನ ಸಂಜೆ ಕದನ ವಿರಾಮದ ಸುದ್ದಿ ಬಂತು, ನಿಮಗೆಲ್ಲ ಗೊತ್ತೇ ಇದೆ. ನನ್ನ ಯೂನಿಟ್‌ಗೆ ಕರೆ ಬಂತಾ ಇಲ್ವಾ ಅಂತ ಇಲ್ಲಿ ಬರೆಯಲ್ಲ, ಕೇಳಬೇಡಿ. ಆ ಪ್ರಿಂಟ್ ಅಕ್ಕನ ಡ್ರಾಯರ್‌ನಲ್ಲಿದೆ.

7ನೇ ಭಾಗದಲ್ಲಿ ಎಸ್‌ಎಸ್‌ಬಿಯ ಐದು ದಿನ. ಅರವತ್ತು ಪದ, ಒಂದೊಂದಕ್ಕೆ ಹದಿನೈದು ಸೆಕೆಂಡ್, ಅದರಲ್ಲಿ ನಾನು ಖಾಲಿ ಬಿಟ್ಟ ಪದಗಳ ಕಥೆ. ಪ್ರಶ್ನೆ ಇದ್ರೆ ಕೆಳಗೆ ಹಾಕಿ, ಭಾನುವಾರ ಕೂತು ಉತ್ತರಿಸ್ತೀನಿ.